ಸುಣ್ಣ ಬಳಿದ ಮೆಟ್ಟಿಲು

ಶಿಷ್ಯ ಕೇಳಿದ: "ಗುರುಗಳೇ, ಮಳೆ ಕಾಲ ತಪ್ಪಿದೆ. ಬಿಸಿಲು ವರ್ಷದಿಂದ ವರ್ಷಕ್ಕೆ ಏರುತ್ತಿದೆ. ಕಡಲು ದಡ ತಿನ್ನುತ್ತಿದೆ. ನಾವು ಸುಟ್ಟದ್ದು, ನಾವು ಕಡಿದದ್ದು ಇದಕ್ಕೆಲ್ಲ ಕಾರಣ ಎಂದು ಈಗ ಶಾಲೆಯ ಮಕ್ಕಳಿಗೂ ಗೊತ್ತು. ಗೊತ್ತಿದ್ದೂ ಜನ ಯಾಕೆ ನಿಲ್ಲಿಸುವುದಿಲ್ಲ?"

ಮಧ್ಯಾಹ್ನ ಇಳಿಯುವ ಹೊತ್ತು. ಫಾಲ್ಗುಣ ಇನ್ನೂ ಮುಗಿದಿರಲಿಲ್ಲ. ಜಗಲಿಯಲ್ಲಿ ಆಗಲೇ ವೈಶಾಖದ ಕಾವು. ಅಂಗಳದಲ್ಲಿ ಮೊದಲು ಒಂದು ಹೊಂಗೆಯ ಮರವಿತ್ತು. ಮಠಕ್ಕೆ ಬರುವವರ ವಾಹನ ನಿಲ್ಲಲು ಜಾಗ ಸಾಲದೆಂದು ಹಿಂದಿನ ವರ್ಷ ಅದನ್ನು ಕಡಿಸಿದ್ದರು. ಬೊಡ್ಡೆ ಮಾತ್ರ ಉಳಿದಿತ್ತು.

ಶಿಷ್ಯನ ಮೊಣಕಾಲಿಗೆ ಬಿಸಿಲು ಬಂತು. ಅವನು ಚಾಪೆಯನ್ನು ಒಂದು ಗೇಣು ಹಿಂದಕ್ಕೆ ಎಳೆದುಕೊಂಡ. ಗುರು ಕತೆ ಹೇಳಿದರು.

ನದಿ ಕಡಲಿಗೆ ಸೇರುವಲ್ಲಿ ಒಂದು ಊರು. ಊರಿನವರ ಕಸುಬು ಸುಣ್ಣ ಸುಡುವುದು. ಇಳಿತದ ಹೊತ್ತಿಗೆ ಹೊಳೆಯ ತಳದಿಂದ ಚಿಪ್ಪು ಎತ್ತುವರು. ಗೂಡಿನಲ್ಲಿ ಸೌದೆಯ ಮೇಲೆ ಚಿಪ್ಪು, ಚಿಪ್ಪಿನ ಮೇಲೆ ಸೌದೆ ಹೇರಿ ಬೆಂಕಿ ಹಾಕುವರು. ಸುಟ್ಟು ಬಂದ ಸುಣ್ಣದ ಹರಳನ್ನು ದೋಣಿಗೆ ತುಂಬಿ ಮೇಲಿನ ಊರುಗಳಿಗೆ ಒಯ್ಯುವರು. ಸೌದೆಗೆ ದೂರ ಹೋಗಬೇಕಿರಲಿಲ್ಲ. ಊರಿಗೂ ಕಡಲಿಗೂ ನಡುವೆ ಒಂದು ಕೆಸರಿನ ದಿಬ್ಬ. ಅದರ ತುಂಬ ಕಾಂಡ್ಲದ ಕಾಡು. ಉಪ್ಪು ನೀರಿನಲ್ಲೇ ಬೇರು ಬಿಟ್ಟು ಬೆಳೆಯುವ ಮರ ಅದು. ಉರಿಗೆ ಹಾಕಿದರೆ ಅದರ ಕಾವಿಗೆ ಸಮನಾದ ಕಾವು ಬೇರೆ ಮರಕ್ಕಿಲ್ಲ.

ದೋಣಿ ಕಟ್ಟುವ ಕಡೆ ಕಲ್ಲಿನ ಮೆಟ್ಟಿಲುಗಳಿದ್ದವು. ಊರಿನಿಂದ ಹೊಳೆಗೆ ಹದಿನಾಲ್ಕು ಮೆಟ್ಟಿಲು. ಮಹಾಲಯ ಅಮಾವಾಸ್ಯೆಯಂದು ವರ್ಷದ ದೊಡ್ಡ ಉಬ್ಬರ. ಅಂದು ನೀರು ಯಾವ ಮೆಟ್ಟಿಲಿಗೆ ಬಂದು ನಿಲ್ಲುತ್ತದೋ ಆ ಮೆಟ್ಟಿಲಿನ ಮೇಲೆ ಕೆಮ್ಮಣ್ಣಿನಿಂದ ಒಂದು ಗೆರೆ ಎಳೆಯುವುದು ವಾಡಿಕೆ. ಗೆರೆಗಿಂತ ಮೂರು ಮೆಟ್ಟಿಲು ಎತ್ತರಕ್ಕೆ ನೂಲು ಹಿಡಿದು ನೋಡುವರು. ನೂಲಿನಿಂದ ಮೇಲಿನ ನೆಲದಲ್ಲಿ ಮನೆ ಕಟ್ಟಬಹುದು, ಕೆಳಗಿನ ನೆಲದಲ್ಲಿ ಕಟ್ಟಬಾರದು. ಗೆರೆ ಎಳೆಯುವ ಕೆಲಸ ಒಂದೇ ಮನೆತನದ್ದು. ಆ ಮನೆಯ ಯಜಮಾನನನ್ನು ಊರು ಗೆರೆಗಾರ ಎಂದು ಕರೆಯುತ್ತಿತ್ತು.

ಇನ್ನೊಂದು ವಾಡಿಕೆಯೂ ಇತ್ತು. ತೀರಿಹೋದ ಹಿರಿಯರು ಅಂದು ನೀರಿನ ದಾರಿಯಲ್ಲಿ ಊಟಕ್ಕೆ ಬರುತ್ತಾರೆ ಎಂದು ನಂಬಿಕೆ. ಸುಣ್ಣದ ಊರಿನ ಹಿರಿಯರ ಪಾದಕ್ಕೆ ಕಪ್ಪು ಕಲ್ಲು ತಾಗಬಾರದು. ಆದ್ದರಿಂದ ಹಿಂದಿನ ದಿನ ಹೆಂಗಸರು ಬೆಲ್ಲದ ನೀರು ಬೆರೆಸಿದ ಸುಣ್ಣವನ್ನು ಮೆಟ್ಟಿಲುಗಳಿಗೆ ದಪ್ಪವಾಗಿ ಬಳಿಯುವರು. ಹಳೆಯ ಗೆರೆ ಮುಚ್ಚಿಹೋಗುವುದು. ಮರುದಿನ ಗೆರೆಗಾರ ಆ ಬಿಳುಪಿನ ಮೇಲೆ ಹೊಸ ಗೆರೆ ಎಳೆಯುವನು. ಹೋದ ವರ್ಷದ ಗೆರೆ ಎಲ್ಲಿತ್ತೆಂದು ಯಾರೂ ಕೇಳುತ್ತಿರಲಿಲ್ಲ. ಕೇಳಿದರೆ ತೋರಿಸಲು ಗೆರೆ ಉಳಿದಿರುತ್ತಿರಲಿಲ್ಲ.

ಗೆರೆಗಾರನೂ ಕೇಳಿಕೊಂಡವನಲ್ಲ. ಬಟ್ಟಲಲ್ಲಿ ಕೆಮ್ಮಣ್ಣು ಕಲಸಿಕೊಂಡು ಇಳಿದು ಹೋಗುವನು, ಗೆರೆ ಎಳೆದು ಹತ್ತಿ ಬರುವನು. ನಲವತ್ತು ವರ್ಷ ಹೀಗೇ ನಡೆಯಿತು. ಆಮೇಲೆ ಅವನಿಗೆ ಮೊಣಕಾಲು ನೋವು ಬಂತು. ನೋವಿಗೆ ಒಂದೊಂದು ಮೆಟ್ಟಿಲೂ ಬೇರೆ ಬೇರೆಯಾಗಿ ಕಾಲಿಗೆ ಸಿಕ್ಕಿತು. ಆ ವರ್ಷ ಅವನು ಮೊದಲ ಬಾರಿಗೆ ಎಣಿಸಿದ. ಗೆರೆ ಮೇಲಿನಿಂದ ಏಳನೆಯ ಮೆಟ್ಟಿಲಿನಲ್ಲಿತ್ತು.

ಏಳು ಎಂದಾಗ ಅವನಿಗೆ ಅಪ್ಪನ ಎಣಿಕೆ ನೆನಪಾಯಿತು. ಮೊದಲ ಸಲ ಗೆರೆ ಎಳೆದಾಗ ಅಪ್ಪ ಕೈ ಹಿಡಿದು, ಜಾರಬೇಡ ಎಂದು ಒಂದೊಂದೇ ಎಣಿಸಿ ಇಳಿಸಿದ್ದ. ಅಂದು ಒಂಬತ್ತಕ್ಕೆ ನಿಂತಿದ್ದರು.

ಎಣಿಕೆ ತಪ್ಪಿರಬೇಕು ಎಂದುಕೊಂಡ. ಮರುದಿನ ಮತ್ತೆ ಎಣಿಸಿದ. ಅದರ ಮರುದಿನವೂ ಎಣಿಸಿದ. ಊಟಕ್ಕೆ ಕೂತವನು ನಡುವೆ ಎದ್ದು ಹೋಗಿ ಎಣಿಸಿ ಬಂದ. ಕೊನೆಗೆ ಊರೆಲ್ಲ ಗೂಡಿನ ಕೆಲಸದಲ್ಲಿದ್ದಾಗ, ಇಳಿತ ನೋಡಿಕೊಂಡು, ಗೂಡು ಕೆರೆಯುವ ಕಬ್ಬಿಣದ ಪಟ್ಟಿ ಹಿಡಿದು ಇಳಿದ. ಸುಣ್ಣದ ಪದರಗಳನ್ನು ಕೆರೆದ.

ಎಂಟನೆಯ ಮೆಟ್ಟಿಲಿನಲ್ಲಿ ಬಿಳುಪಿನ ಅಡಿಯಿಂದ ಕೆಂಪು ಗೆರೆಗಳು ಬಂದವು. ಅವನ ಕೈಯವೇ. ಒಂಬತ್ತನೆಯದರಲ್ಲೂ ಅವನ ಕೈಯವೇ, ಎಳೆಯ ಕೈಯ ನಡುಕ ಇನ್ನೂ ಕಾಣುತ್ತಿತ್ತು. ಹತ್ತನೆಯದರ ಮೇಲೆ ಪಾಚಿ. ಪಾಚಿ ತೆಗೆದ, ಸುಣ್ಣ ಕೆರೆದ. ಅಪ್ಪನ ಗೆರೆ. ಗೆರೆಯ ತುದಿಗೆ ಹೆಬ್ಬೆರಳು ಒತ್ತುವುದು ಅಪ್ಪನ ಅಭ್ಯಾಸ. ಆ ಗುರುತೂ ಇತ್ತು. ಹನ್ನೊಂದನೆಯದರಲ್ಲಿ ಅಜ್ಜನ ಗೆರೆ.

ಅಜ್ಜನಿಂದ ಅಪ್ಪನಿಗೆ ಒಂದು ಮೆಟ್ಟಿಲು. ಅಪ್ಪನಿಂದ ಅವನಿಗೆ ಒಂದು ಮೆಟ್ಟಿಲು. ಅವನೊಬ್ಬನ ಕಾಲದಲ್ಲೇ ಎರಡು. ನೀರು ಹತ್ತುತ್ತಿತ್ತು. ಹತ್ತುತ್ತ ಹತ್ತುತ್ತ ನಡಿಗೆ ಬಿರುಸು ಮಾಡಿತ್ತು.

ಅವನು ತಿರುಗಿ ಕಡಲ ಕಡೆ ನೋಡಿದ. ಅಜ್ಜನ ಕಾಲದಲ್ಲಿ ಈ ಮೆಟ್ಟಿಲ ಮೇಲೆ ನಿಂತರೆ ಕಡಲು ಕಾಣುತ್ತಿರಲಿಲ್ಲವಂತೆ, ಕಾಂಡ್ಲದ ಕಾಡು ಅಷ್ಟು ದಟ್ಟ. ಈಗ ಕಡಲು ಕಾಣುತ್ತಿತ್ತು. ನೆಂಟರು ಬಂದರೆ ಊರಿನವರು ಅದನ್ನು ಹೆಮ್ಮೆಯಿಂದ ತೋರಿಸುತ್ತಿದ್ದರು.

ಅವನ ಚಿಂತೆ ಊರಿನದಷ್ಟೇ ಅಲ್ಲ. ಒಬ್ಬಳೇ ಮಗಳು. ಹೆಂಡತಿ ಹೋದ ಮೇಲೆ ಅವನಿಗೆ ಉಳಿದವಳು ಅವಳು. ಊರಿನ ದೊಡ್ಡ ಗೂಡಿನ ಯಜಮಾನನ ಮಗನಿಗೆ ಅವಳನ್ನು ಕೊಟ್ಟಿದ್ದ. ಗಂಡ ಹೆಂಡತಿ ಹೊಸ ಮನೆಗೆ ಪಾಯ ಹಾಕಿದ್ದರು, ಹೊಳೆಯ ಬದಿಯ ಓಣಿಯಲ್ಲಿ, ಸುಣ್ಣದ ಹರಳು ಕೂಡಿಡುವ ಕೊಟ್ಟಿಗೆಯ ಪಕ್ಕದಲ್ಲಿ. ಗೆರೆಗಿಂತ ಸರಿಯಾಗಿ ಮೂರು ಮೆಟ್ಟಿಲು ಎತ್ತರ. ನೂಲು ಹಿಡಿದವನು ಗೆರೆಗಾರನೇ. ಮಗಳು ಐದು ತಿಂಗಳ ಬಸುರಿ.

ಅವನು ಬೀಗರ ಗೂಡಿಗೆ ಹೋದ. ಯಜಮಾನ ಗೂಡಿನ ಬಾಯಿ ಮುಚ್ಚಿಸುತ್ತಿದ್ದ. ಹೊಗೆ ಏಳುತ್ತಿತ್ತು. ಗೆರೆಗಾರ ಕೂರಲಿಲ್ಲ.

"ಬೀಗರೇ, ಒಂದು ಹೊರೆ ಚಿಪ್ಪು ಸುಟ್ಟರೆ ಸುಣ್ಣ ಎಷ್ಟು ಸಿಗುತ್ತದೆ?"

"ಅರ್ಧ ಹೊರೆ. ಚೂರು ಹೆಚ್ಚು. ಈ ಊರಲ್ಲಿ ಹುಟ್ಟಿ ತಲೆ ನರೆತ ಮೇಲೆ ಇದನ್ನು ಕೇಳುತ್ತೀರಲ್ಲ."

"ಉಳಿದರ್ಧ?"

"ಮೇಲೆ ಹೋಯಿತು."

"ಮೇಲೆ ಎಲ್ಲಿಗೆ?"

ಯಜಮಾನ ತಲೆಯೆತ್ತಿ ನೋಡಿದ. "ಆಕಾಶ ದೊಡ್ಡದಿದೆ, ಬೀಗರೇ. ಎಷ್ಟು ತುಂಬಿದರೂ ಜಾಗ ಖಾಲಿ ಮಾಡಿ ಎನ್ನುವವರು ಅಲ್ಲಿ ಯಾರೂ ಇಲ್ಲ."

ಆಳುಗಳು ನಕ್ಕರು. ಗೆರೆಗಾರ ನಗಲಿಲ್ಲ. ಚಿಪ್ಪಿನ ಅರ್ಧ ಮೇಲೆ ಹೋಗುತ್ತದೆ, ಸೌದೆ ಪೂರ್ತಿ ಮೇಲೆ ಹೋಗುತ್ತದೆ, ಅಜ್ಜನ ಕಾಲದಿಂದ ಹೋದದ್ದು ಕೆಳಗೆ ಬಂದದ್ದನ್ನು ಯಾರೂ ಕಂಡಿಲ್ಲ ಎಂದ. ಮುಂಗಾರು ಯಾವಾಗ ಬರುತ್ತದೆಂದು ಮುದುಕಿಯರಿಗೂ ಹೇಳಲಾಗುತ್ತಿಲ್ಲ, ಕಡಲು ಕಾಯ್ದ ಹಾಲಿನಂತೆ ಉಕ್ಕುತ್ತಿದೆ, ತಡೆಯುತ್ತಿದ್ದ ಕಾಡನ್ನು ನಾವೇ ಒಲೆಗೆ ಹಾಕಿದ್ದೇವೆ ಎಂದ. ಯಜಮಾನ ಕೆಟ್ಟವನಲ್ಲ, ಕೇಳಿಸಿಕೊಂಡ. ಹೊಳೆಯ ಮೇಲ್ಗಡೆ ಹಂಚಿನ ಗೂಡುಗಳಿವೆ, ಅವು ನಮ್ಮ ಹತ್ತರಷ್ಟು ಉರಿಸುತ್ತವೆ, ಮೊದಲು ಅವರಿಗೆ ಹೇಳಿ ಬನ್ನಿ ಎಂದ. ಆಮೇಲೆ ದನಿ ತಗ್ಗಿಸಿ, ಗೆರೆ ಎಳೆಯುವ ಕೈ ನಿಮ್ಮದೇ ಅಲ್ಲವೇ, ಒಂದು ಮೆಟ್ಟಿಲು ಕೆಳಗೆ ಎಳೆದರೆ ಕೇಳುವವರು ಯಾರು ಎಂದ.

ಗೆರೆಗಾರ ಹಾಗೆ ಮಾಡಲಿಲ್ಲ. ಊರ ಕೂಟ ಕರೆಸಿದ. ಎರಡು ಮಾತು ಹೇಳಿದ. ಒಂದು, ನೀರು ಹತ್ತುತ್ತಿದೆ. ಎರಡು, ಯಾಕೆ ಹತ್ತುತ್ತಿದೆ.

ಮೊದಲು ನಕ್ಕರು. ಅವನ ಅಪ್ಪ ಕುಳ್ಳ, ಕೈ ಎಟುಕದೆ ಗೆರೆ ಕೆಳಗೆ ಎಳೆದಿರಬೇಕು ಎಂದು ಒಬ್ಬ ಹೇಳಿದ. ಗೆರೆಗಾರ ಎಲ್ಲರನ್ನೂ ಮೆಟ್ಟಿಲಿಗೆ ಕರೆದೊಯ್ದ. ಕೆರೆದ ಕಲ್ಲುಗಳನ್ನು ಇಳಿತದಲ್ಲಿ ತೋರಿಸಿದ. ಅಪ್ಪನ ಹೆಬ್ಬೆರಳು ತೋರಿಸಿದ. ನಗು ನಿಂತಿತು. ಒಬ್ಬ ಮುದುಕ ಅಜ್ಜನ ಗೆರೆ ಮುಟ್ಟಿ ಕೈಯನ್ನು ಕಣ್ಣಿಗೆ ಒತ್ತಿಕೊಂಡ. ಊರು ಅವನ ಮಾತು ನಂಬಿತು.

ಇಲ್ಲಿಗೆ ಬಂದಾಗ ಶಿಷ್ಯ ನಡುವೆ ಬಾಯಿ ಹಾಕಿದ. "ನಂಬಿದರಲ್ಲ ಗುರುಗಳೇ. ಹಾಗಾದರೆ ಊರು ಉಳಿಯಿತು."

ಬಿಸಿಲು ಅವನ ತೊಡೆಯ ಮೇಲಿತ್ತು. ಮಾತಾಡುತ್ತಲೇ ಚಾಪೆಯನ್ನು ಹಿಂದಕ್ಕೆ ಸರಿಸಿದ. ಹೊಂಗೆಯಿದ್ದಾಗ ಈ ಹೊತ್ತಿಗೆ ಅಲ್ಲಿ ಪೂರ್ತಿ ನೆರಳಿರುತ್ತಿತ್ತು. ಮರ ಕಡಿಯುವವರನ್ನು ಕರೆತಂದು ಕೆಲಸ ಮುಗಿಯುವ ತನಕ ನಿಂತಿದ್ದವನು ಇವನೇ.

"ಕೇಳು" ಎಂದರು ಗುರು.

ಊರು ನಂಬಿತು. ನಂಬಿದ್ದಕ್ಕೇ ಕೆಲಸ ಶುರುವಾಯಿತು. ದೊಡ್ಡ ಗೂಡಿನ ಯಜಮಾನ ಎದ್ದು ನಿಂತು, ನೀರು ಹತ್ತುವುದಾದರೆ ಹತ್ತಲಿ, ನಾವು ಸುಣ್ಣದವರು, ಗೋಡೆ ಕಟ್ಟೋಣ ಎಂದ. ಕೆಂಪುಕಲ್ಲಿನ ಗೋಡೆ, ಆಳೆತ್ತರ, ಹೊಳೆಯ ಬದಿ ಉದ್ದಕ್ಕೂ. ಬಾಗಿಲು ಮೆಟ್ಟಿಲ ಕಡೆ ಒಂದೇ, ಅದಕ್ಕೂ ಹಲಗೆ. ಗಾರೆಗೆ ಬೇಕಾದ ಸುಣ್ಣ ನಮ್ಮ ಕೈಯಲ್ಲೇ ಇದೆ. ನಮಗಲ್ಲದೆ ಇನ್ನಾರಿಗೆ ಸಾಧ್ಯ ಎಂದ. ಕೂಟಕ್ಕೆ ಜೀವ ಬಂತು. ಅಷ್ಟು ಹೊತ್ತು ತಲೆ ತಗ್ಗಿಸಿ ಕೂತಿದ್ದವರು ಒಬ್ಬರ ಮೇಲೊಬ್ಬರು ಮಾತಾಡತೊಡಗಿದರು. ಗೆರೆಗಾರನಿಗೆ ಶಾಲು ಹೊದಿಸಿದರು.

ಅವನು ಎರಡು ಮಾತು ಹೇಳಿದ್ದ. ಊರು ಮೊದಲನೆಯದನ್ನು ಎರಡು ಕೈಯಿಂದ ಹಿಡಿದುಕೊಂಡಿತು. ಎರಡನೆಯದು ಕೂತಲ್ಲೇ ಬಿದ್ದಿತ್ತು. ಅದನ್ನು ಎತ್ತಬೇಕೆಂದು ಅವನ ನಾಲಿಗೆಯ ತುದಿಗೆ ಬಂತು. ಗೋಡೆ ನಿಮ್ಮ ಮಗಳ ಮನೆಯ ಮುಂದಿನಿಂದಲೇ ಶುರು ಎಂದ ಬೀಗ. ಅವನು ಬಾಯಿ ಮುಚ್ಚಿಕೊಂಡ.

ಅಂಥ ಗೋಡೆಗೆ ಬೇಕಾದ ಸುಣ್ಣ ಊರು ಎಂದೂ ಸುಟ್ಟಿರಲಿಲ್ಲ. ಚಳಿಗಾಲ ಕಳೆದು ಬೇಸಗೆ ಬಂದರೂ ಯಾವ ಗೂಡೂ ಆರಲಿಲ್ಲ. ಹೊಗೆ ಊರಿನ ಮೇಲೆ ಸೂರಿನಂತೆ ಕೂತಿತು. ಸೌದೆಗೆ ಮನೆಗೊಂದು ದೋಣಿ ಎಂದು ಪಾಳಿ ಹಾಕಿದರು. ದಿಬ್ಬದಲ್ಲಿ ಉಳಿದಿದ್ದ ಕಾಂಡ್ಲ ದೋಣಿ ದೋಣಿಯಾಗಿ ಬಂತು.

ಗೆರೆಗಾರನ ಪಾಳಿಯೂ ಬಂತು. ಮೊಣಕಾಲು ನೋವೆಂದು ತಪ್ಪಿಸಿಕೊಳ್ಳಬಹುದಿತ್ತು, ತಪ್ಪಿಸಿಕೊಳ್ಳಲಿಲ್ಲ. ಬೀಗರ ಮುಂದೆ ಮಗಳ ತಲೆ ತಗ್ಗಬಾರದು. ಕೆಸರಿನಲ್ಲಿ ನಿಂತು ಕೊಡಲಿ ಎತ್ತಿದ. ಒಂದೊಂದು ಮರ ಬಿದ್ದಾಗಲೂ ಕಡಲು ಇನ್ನಷ್ಟು ಅಗಲವಾಗಿ ಕಂಡಿತು. ಕೊಡಲಿ ಇಳಿಸಿ ಕಡಲು ನೋಡುವನು, ಕತ್ತು ತಿರುಗಿಸಿ ಊರು ನೋಡುವನು, ಮತ್ತೆ ಕೊಡಲಿ ಎತ್ತುವನು. ಇದೊಂದು ದೋಣಿ, ಇದರಿಂದ ಏನಾಗುತ್ತದೆ ಎಂದುಕೊಂಡ. ಅವನ ಹಿಂದೆ ಮುಂದೆ ಪಾಳಿಯಲ್ಲಿದ್ದವರೆಲ್ಲ ಅದನ್ನೇ ಅಂದುಕೊಂಡಿದ್ದರು.

ಫಾಲ್ಗುಣದಲ್ಲಿ ಮಗಳು ಗಂಡುಕೂಸು ಹೆತ್ತಳು. ವೈಶಾಖದಲ್ಲಿ ಮನೆಗೆ ಹಾಲು ಉಕ್ಕಿಸಿದರು. ಮಳೆಗಾಲಕ್ಕೆ ಮೊದಲು ಗೋಡೆ ಮುಗಿಯಿತು. ಗೋಡೆಗೂ ಸುಣ್ಣ ಬಳಿದರು. ಹೊಳೆಯಲ್ಲಿ ದೂರದಿಂದ ಬರುವವರಿಗೆ ಅದು ಹಾಲಿನ ಕಟ್ಟೆಯಂತೆ ಹೊಳೆಯುತ್ತಿತ್ತು.

ಅಮಾವಾಸ್ಯೆ ಬಂತು. ಅಂದು ಕಡಲಿನ ಕಡೆಯಿಂದ ಗಾಳಿಯಿತ್ತು. ಉಬ್ಬರದ ಹೊತ್ತಿಗೆ ಊರೆಲ್ಲ ಗೋಡೆಯ ಮೇಲೆ ಸೇರಿತು. ಕಾಲು ಇಳಿಬಿಟ್ಟು ಕೂತು ನೋಡಿದರು. ಗೆರೆಗಾರ ಕೆಮ್ಮಣ್ಣಿನ ಬಟ್ಟಲು ಹಿಡಿದು ಬಾಗಿಲ ಬಳಿ ನಿಂತಿದ್ದ. ಕೂಸನ್ನು ತೊಟ್ಟಿಲಲ್ಲಿ ಮಲಗಿಸಿ ಮಗಳೂ ಬಂದು ಅಪ್ಪನ ಪಕ್ಕ ನಿಂತಳು. ನೀರು ಏಳನೆಯ ಮೆಟ್ಟಿಲು ದಾಟಿತು. ಆರು ದಾಟಿತು. ಐದು, ನಾಲ್ಕು. ಗೋಡೆಯ ಬುಡ ಮುಟ್ಟಿತು. ಗೋಡೆ ಅಲುಗಲಿಲ್ಲ. ಬೀಗ ಗೋಡೆಯ ಮೇಲಿಂದ ಬಾಗಿ, ಗೆರೆ ಎಲ್ಲಿ ಎಳೆಯುತ್ತೀರಿ ಬೀಗರೇ, ಬೇಕಾದರೆ ನನ್ನ ಪಾದಕ್ಕೆ ಎಳೆಯಿರಿ ಎಂದ. ಜನ ನಕ್ಕರು.

ನಗುವಾಗ ಅವರ ಬೆನ್ನು ಊರಿನ ಕಡೆ ಇತ್ತು.

ನೀರು ಹಿಂದಿನಿಂದ, ಗೋಡೆಯಿಲ್ಲದ ಕಡಲ ಬದಿಯಿಂದ ಬಂತು. ದಿಬ್ಬದ ಮೇಲೆ ಅದನ್ನು ಹಿಡಿದು ನಿಧಾನ ಮಾಡಲು ಒಂದು ಬೇರೂ ಇರಲಿಲ್ಲ. ಊರಿನ ಹಿಂದಿನ ತೋಡು ಎಂಬ ಸಣ್ಣ ಹಳ್ಳದ ದಾರಿ ಹಿಡಿದು, ಹಿತ್ತಿಲುಗಳನ್ನು ಹಾದು ಓಣಿಗೆ ಇಳಿಯಿತು. ಹೊಳೆಗೆ ಹೋಗಲು ದಾರಿಯಿರಲಿಲ್ಲ, ಗೋಡೆ ಅಡ್ಡವಿತ್ತು, ಬಾಗಿಲಿನ ಹಲಗೆ ನೆನೆದು ಬಿಗಿದು ಕೂತಿತ್ತು. ಒಳಗೇ ತುಂಬತೊಡಗಿತು. ಸುಣ್ಣದ ಕೊಟ್ಟಿಗೆಯ ಬಾಗಿಲಿಗೆ ಬಂತು. ಹರಳಿಗೆ ನೀರು ತಾಗಿತು.

ಸುಟ್ಟ ಹರಳಿಗೆ ನೀರು ತಾಗಿದರೆ ಏನಾಗುತ್ತದೆಂದು ಆ ಊರಿನ ಕೂಸಿಗೂ ಗೊತ್ತು. ಓಣಿ ಕುದಿಯಿತು. ಹಬೆ ಎದ್ದು ಮನೆಗಳು ಕಾಣದಾದವು.

ಮಗಳು ಓಡಿದಳು. ಅಪ್ಪ ಹಿಡಿಯಲು ಹೋದ, ಸೆರಗಿನ ತುದಿಯೂ ಸಿಗಲಿಲ್ಲ. ಮೊಣಕಾಲೆಳೆದುಕೊಂಡು ಅವನೂ ಓಡಿದ. ಅವನು ಬಾಗಿಲಿಗೆ ತಲುಪುವಾಗ ಅವಳು ಕೂಸನ್ನು ತಲೆಯ ಮೇಲೆ ಎತ್ತಿಕೊಂಡು ಹೊರಗೆ ಬರುತ್ತಿದ್ದಳು. ತೊಟ್ಟಿಲು ತೊಲೆಯಿಂದ ತೂಗುತ್ತಿತ್ತು, ಕೂಸಿಗೆ ಏನೂ ಆಗಿರಲಿಲ್ಲ. ಮಗಳ ಬಲಗಾಲು ಮೊಣಕಾಲ ತನಕ ಬೆಂದಿತ್ತು. ಅವಳು ಕೂಸನ್ನು ಅಪ್ಪನ ಕೈಗೆ ಕೊಟ್ಟ ಮೇಲೆಯೇ ಅತ್ತಳು.

ಗೋಡೆ ಒಡೆದು ನೀರು ಬಿಡಲು ಮೂರು ದಿನ ಹಿಡಿಯಿತು. ಅಷ್ಟು ಗಟ್ಟಿಯಾಗಿ ಕಟ್ಟಿದ್ದರು.

ನೀರು ಇಳಿದ ಮೇಲೆ ಗೆರೆಗಾರ ಬಟ್ಟಲು ಹಿಡಿದು ಹೊರಟ. ಮೆಟ್ಟಿಲಿಗೆ ಹೋಗಲಿಲ್ಲ. ಮಗಳ ಮನೆಯ ನಡುಮನೆಗೆ ಹೋದ. ಗೋಡೆಯ ಮೇಲೆ ನೀರಿನ ಕಲೆ ಅವನ ಸೊಂಟದಷ್ಟು ಎತ್ತರಕ್ಕೆ ನಿಂತಿತ್ತು. ಅಲ್ಲಿ ಗೆರೆ ಎಳೆದ. ಅಪ್ಪನ ಹಾಗೆ ತುದಿಗೆ ಹೆಬ್ಬೆರಳು ಒತ್ತಿದ.

ಶಿಷ್ಯ ಉಸಿರು ಬಿಟ್ಟ. ಬಿಸಿಲು ಎದೆಗೆ ಬಂದಿತ್ತು. ಚಾಪೆಯನ್ನು ಮತ್ತೆ ಹಿಂದಕ್ಕೆ ಎಳೆದ. ಬೆನ್ನು ಗೋಡೆಗೆ ತಾಗಿತು.

ಗುರು ಮುಂದುವರಿಸಿದರು.

ಕಾಲು ಮಾಗಲು ಆರು ತಿಂಗಳು ಹಿಡಿಯಿತು. ಮಗಳು ಕುಂಟುತ್ತ ನಡೆಯತೊಡಗಿದಳು. ಗೂಡುಗಳು ಮತ್ತೆ ಹೊತ್ತಿದವು, ಸೌದೆ ಈಗ ದೂರದಿಂದ ಬರುತ್ತಿತ್ತು. ವರ್ಷ ತಿರುಗಿತು. ಅಮಾವಾಸ್ಯೆಯ ಹಿಂದಿನ ದಿನ ಗೆರೆಗಾರ ಮಗಳ ಮನೆಗೆ ಹೋದ. ಅವಳು ತೆಂಗಿನ ನಾರಿನ ಕುಂಚ ಹಿಡಿದು ನಡುಮನೆಗೆ ಸುಣ್ಣ ಬಳಿಯುತ್ತಿದ್ದಳು. ಮೂರು ಗೋಡೆ ಮುಗಿದಿತ್ತು. ಗೆರೆಯಿದ್ದ ಗೋಡೆ ಉಳಿದಿತ್ತು.

"ಅದೊಂದನ್ನು ಬಿಡು ಮಗಳೇ" ಎಂದ.

ಅವಳು ಕುಂಚ ನಿಲ್ಲಿಸಿದಳು. ಕೂಸು ಗೋಡೆಯ ಪಕ್ಕ ಪುಟ್ಟ ಹೆಜ್ಜೆ ಇಡುತ್ತ ಓಡಾಡುತ್ತಿತ್ತು. ಅದರ ತಲೆ ಗೆರೆಗಿಂತ ಕೆಳಗಿತ್ತು.

"ಇದನ್ನು ದಿನಾ ಕಣ್ಣೆದುರು ಇಟ್ಟುಕೊಂಡು ಈ ಮನೆಯಲ್ಲಿ ಮಗುವನ್ನು ಹೇಗೆ ಮಲಗಿಸಲಿ, ಅಪ್ಪಾ?"

ಅವನು ನಿಂತ, ಕೂತ, ಮತ್ತೆ ಎದ್ದ. ಕಾಲು ನೋಯುವ ಮಗಳು ಸುಣ್ಣದ ಮಡಕೆಗೆ ಬಗ್ಗಲಾರದೆ ಒದ್ದಾಡುವುದು ಕಂಡಿತು. ಮಡಕೆ ಎತ್ತಿ ಅವಳ ಕೈಗೆ ಎಟುಕುವಂತೆ ಹಿಡಿದ. ಅವಳು ಬಳಿದಳು.

ಗುರು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯ ಕಾದ. ಅವನಿಗೆ ತಡೆಯಲಾಗಲಿಲ್ಲ. ಕಣ್ಣಾರೆ ಕಂಡವರು, ಕಾಲು ಸುಟ್ಟುಕೊಂಡವರು, ಗೆರೆ ಎಳೆದವನು ಸಹಿತ ಹೀಗೆ ಮಾಡಿದರೆ ಹೇಗೆ ಎಂದು ಕೇಳಿದ. ಮನುಷ್ಯರಿಗೆ ಇಂಥ ಕುರುಡುತನ ಎಲ್ಲಿಂದ ಬರುತ್ತದೆ ಎಂದ. ಬಿಸಿಲು ಅವನ ಕತ್ತಿಗೆ ಬಂದಿತ್ತು. ಮಾತಾಡುತ್ತಲೇ ಒಂದು ಕೈಯಿಂದ ಚಾಪೆಯ ಅಂಚು ಹಿಡಿದು ಎಳೆಯಲು ನೋಡಿದ. ಹಿಂದೆ ಜಾಗವಿರಲಿಲ್ಲ.

ಗುರು ಅಂಗಳದ ಬೊಡ್ಡೆಯನ್ನು ನೋಡಿದರು. ಆಮೇಲೆ ಅವನ ಕೈಯನ್ನು ನೋಡಿದರು.

"ಕತೆ ಮುಗಿಯುವುದರೊಳಗೆ ನೀನು ಮೂರು ಸಲ ಚಾಪೆ ಸರಿಸಿದೆ."

ಶಿಷ್ಯನ ಕೈ ಚಾಪೆಯ ಅಂಚಿನ ಮೇಲೆಯೇ ನಿಂತಿತು.